ಬೆರಳ ತುದಿಯ ಅವಧಾನ



ಕಳೆದ ಮಾಸದಲ್ಲಿ ನಮ್ಮ ಓಣಿಯ ಹಿರಿಯ ತಾಯಿಯೊಬ್ಬರ ಮನೆಗೆ ಹೋಗುವ ಪ್ರಸಂಗ ನಮಗೊದಗಿತು. ಅವರ ಯಜಮಾನರಿಗೆ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ವರ್ಷವೊಂದು ಕಳೆದಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಅವರು ನಿತ್ಯವೂ ಸೇವಿಸಬೇಕು. ಆ ಮಾತ್ರೆಯ ಪ್ರಮಾಣವಾದರೋ ರಕ್ತಪರೀಕ್ಷೆಯಲ್ಲಿ ಬಂದ ಅಂಕಿಯನ್ನು ನೋಡಿಯೇ ಹೆಚ್ಚು ಕಡಿಮೆ ಮಾಡತಕ್ಕದ್ದು. ಪರೀಕ್ಷೆಯ ವರದಿ ಫೋನಿಗೆ ಬರುತ್ತದೆ. ದೂರದ ಊರಿನ ವೈದ್ಯರೂ ಅದೇ ಫೋನಿನಲ್ಲಿ ಮುಖ ತೋರಿಸಿ ಮಾತನಾಡುತ್ತಾರೆ.

ಅಂದು ಕರೆ ನಡೆದಿರುವಾಗಲೇ ವೈದ್ಯರು, "ಈ ಸಲ ರಿಪೋರ್ಟಿನ್ಯಾಗ ಎಷ್ಟು ಬಂದದ, ನೋಡಿ ಹೇಳ್ರಿ ಅಮ್ಮಾರ" ಎಂದು ಕೇಳಿದರಂತೆ. ತಾಯಿ ವರದಿಯನ್ನು ತೆರೆಯಲೆಂದು ಬೆರಳನ್ನು ಪರದೆಯ ಬುಡದಿಂದ ಮೇಲಕ್ಕೆ ಸರಿಸಿದರು. ವೈದ್ಯರ ಮುಖ ಕುಗ್ಗಿ ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿ ಕುಳಿತಿತು. ಗಾಬರಿಯಿಂದ ಅದನ್ನು ಮುಟ್ಟಹೋದಾಗ ಬೆರಳು ಜಾರಿ ಆ ಚಿಕ್ಕ ಚೌಕವೂ ಅಂಚಿನಾಚೆ ಮರೆಯಾಯಿತು. ಆದರೆ ಧ್ವನಿ ಮಾತ್ರ "ಅಮ್ಮಾರ, ಕೇಳಸ್ತದೇನ್ರಿ?" ಎಂದು ಬರುತ್ತಲೇ ಇತ್ತು! ಮುಖವಿಲ್ಲದ ಆ ಧ್ವನಿಗೆ ಇನ್ನಷ್ಟು ಬೆದರಿ ಅವರು ಫೋನನ್ನೇ ಆರಿಸಿಬಿಟ್ಟರು.

"ದೊಡ್ಡ ಡಾಕ್ಟರ್ ಅವರು. ಮಾತಾಡಾಕತ್ತಾಗ ನಡುವ ಫೋನ್ ಇಟ್ಟಂಗಾತು. ಮತ್ತ ಹಚ್ಚಾಕ ನಾಚಿಕಿ ಬಂತ್ರಿ ಶಾಸ್ತ್ರಿಗಳ" ಎಂದು ಆ ತಾಯಿ ನಮ್ಮೆದುರು ಹೇಳಿಕೊಂಡರು. ನಾಲ್ಕು ದಿನಗಳ ಕಾಲ ಯಜಮಾನರು ಹಳೆಯ ಪ್ರಮಾಣದ ಮಾತ್ರೆಯನ್ನೇ ತೆಗೆದುಕೊಂಡಿದ್ದರು. ಪುಣ್ಯವಶಾತ್ ಅನಾಹುತವೇನೂ ಘಟಿಸಲಿಲ್ಲ. ಆದರೆ ಈ ಮಾತ್ರೆ ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಕವಾಟದಲ್ಲಿ ಹೆಪ್ಪು. ಎರಡೂ ಪ್ರಾಣಕ್ಕೆ ಎರವಾಗತಕ್ಕಂಥವು. ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ತಾಯಿ ಅವರು. ತಮ್ಮನ್ನು ತಾವೇ "ಬುದ್ಧಿಗೇಡಿ" ಎಂದು ಬೈದುಕೊಳ್ಳುತ್ತಿದ್ದುದನ್ನು ಕೇಳಿ ನಮಗೆ ಬಹಳ ಕೆಡುಕೆನಿಸಿತು. ಈ ತಿಂಗಳ ಅಂಕಣವನ್ನು ಈ ವಿಷಯಕ್ಕೇ ಮೀಸಲಿಡಬೇಕೆಂದು ಅಂದೇ ನಿಶ್ಚಯಿಸಿದೆವು.

ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ಹಲವು ಕೆಲಸಗಳನ್ನು ನಡೆಸುವುದಕ್ಕೆ ಮಲ್ಟಿಟಾಸ್ಕಿಂಗ್ ಎಂದು ಹೆಸರು. ನಮ್ಮವರಿಗೆ ಈ ಕಲ್ಪನೆ ಹೊಸದಲ್ಲ. ಅಷ್ಟಾವಧಾನದ ಸಭೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಎಂಟು ಜನ ಪೃಚ್ಛಕರು ಸುತ್ತ ಕುಳಿತಿರುತ್ತಾರೆ. ಒಬ್ಬರು ನಿಷೇಧಾಕ್ಷರಿ, ಒಬ್ಬರು ಸಮಸ್ಯಾಪೂರಣ, ಒಬ್ಬರು ದತ್ತಪದಿ, ನಡುನಡುವೆ ಅಪ್ರಸ್ತುತ ಪ್ರಸಂಗದವರ ಕೀಟಲೆ. ಅವಧಾನಿಗಳು ಎಂಟನ್ನೂ ಒಟ್ಟಿಗೆ ಮಾಡುತ್ತಾರೆಂದು ನಾವು ಬೆರಗಾಗುತ್ತೇವೆ. ನಿಜವಾಗಿ ಅವರು ಒಬ್ಬರಿಗೆ ಪದ್ಯದ ಒಂದು ಪಾದವನ್ನು ಹೇಳಿ, ಅದನ್ನು ಮನಸ್ಸಿನಲ್ಲಿ ಇದ್ದಂತೆಯೇ ಇರಿಸಿ, ಮುಂದಿನವರತ್ತ ತಿರುಗುತ್ತಾರೆ. ಸುತ್ತು ಮುಗಿದು ಮರಳಿ ಬಂದಾಗ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾರೆ. ಫೋನು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಎದುರಿಗಿರುವ ಒಂದು ಕೆಲಸ ನಡೆಯುತ್ತಿರುತ್ತದೆ. ಉಳಿದವು ನಿಂತ ಸ್ಥಿತಿಯಲ್ಲಿ ನೆನಪಿನಲ್ಲಿರುತ್ತವೆ. ಕರೆ, ಸಂಗೀತ, ದಾರಿ ತೋರಿಸುವ ನಕ್ಷೆ ಮುಂತಾದ ಕೆಲವಕ್ಕೆ ಮಾತ್ರ ಹಿನ್ನೆಲೆಯಲ್ಲಿಯೂ ನಡೆಯುವ ಅಪ್ಪಣೆಯುಂಟು. ತಾಯಿಯವರ ಕರೆ ಕಡಿದಿರಲಿಲ್ಲ; ವೈದ್ಯರ ಮುಖ ಪಕ್ಕಕ್ಕೆ ಸರಿದಿತ್ತು, ಅಷ್ಟೆ.

ಭೇದವಿರುವುದು ಇಲ್ಲಿ. ಅವಧಾನಿಗಳೆದುರು ಎಂಟೂ ಮಂದಿ ಪ್ರತ್ಯಕ್ಷರಾಗಿ ಕುಳಿತಿರುತ್ತಾರೆ, ಎತ್ತ ತಿರುಗಬೇಕೆಂಬುದು ಕಣ್ಣಿಗೆ ಕಾಣುತ್ತದೆ. ಫೋನಿನಲ್ಲಾದರೋ ತಿರುಗುವ ದಾರಿಯೇ ಅದೃಶ್ಯ. ಬುಡದಿಂದ ಮೇಲೆ ಸರಿಸಬೇಕು, ಸರಿಸಿ ತಡೆಯಬೇಕು, ಅಂಚಿನಿಂದ ಒಳಕ್ಕೆ ಎಳೆಯಬೇಕು, ನಾಲ್ಕು ಬೆರಳುಗಳನ್ನು ಕೂಡಿಸಬೇಕು. ಇವೆಲ್ಲ ಮುದ್ರೆಗಳು. ಕಲಿಸುವ ಗುರುವಿಲ್ಲದೆ ಮುದ್ರೆ ಬರುವುದೆಂತು?

ಮೊದಲು ಪರದೆಗೆ ನಮ್ಮ ಸ್ಪರ್ಶ ಹೇಗೆ ತಿಳಿಯುತ್ತದೆಂಬುದನ್ನು ಸ್ವಲ್ಪ ನೋಡೋಣ. ಗಾಜಿನಡಿಯಲ್ಲಿ ಕಣ್ಣಿಗೆ ಕಾಣದ, ವಿದ್ಯುತ್ತನ್ನು ಹರಿಯಗೊಡುವ ಪಾರದರ್ಶಕ ರೇಖೆಗಳ ಬಲೆಯೊಂದನ್ನು ಹಾಸಿರುತ್ತಾರೆ. ಇಂಡಿಯಂ ಮತ್ತು ತವರಗಳ ಆಕ್ಸೈಡನ್ನು ಇದಕ್ಕೆ ಬಳಸುವುದು ರೂಢಿ. ಮನುಷ್ಯದೇಹವೂ ವಿದ್ಯುದ್ವಾಹಕವಾದ್ದರಿಂದ ಬೆರಳು ಸಮೀಪಿಸಿದ ಜಾಗದಲ್ಲಿ ವಿದ್ಯುದ್ಧಾರಣೆ ಅತ್ಯಲ್ಪವಾಗಿ ಬದಲಾಗುತ್ತದೆ. ಯಂತ್ರವು ಆ ಬಲೆಯನ್ನು ಸೆಕೆಂಡಿಗೆ ಹತ್ತಾರು ಬಾರಿ ಅಳೆಯುತ್ತ, ಎಲ್ಲೆಲ್ಲಿ ಎಷ್ಟು ಬೆರಳುಗಳಿವೆ, ಯಾವುದು ಎತ್ತ ಸರಿಯಿತು ಎಂದು ಲೆಕ್ಕ ಹಾಕುತ್ತದೆ. ಒತ್ತಡ ಬೇಕಾಗಿಲ್ಲ. ನಮ್ಮ ಹಿರಿಯರು ಹಳೆಯ ಟೆಲಿಫೋನಿನ ಗುಂಡಿಯಂತೆ ಬಲವಾಗಿ ಅದುಮುತ್ತಾರಲ್ಲ, ಅದರಿಂದ ಏನೂ ಪ್ರಯೋಜನವಿಲ್ಲ. ಒದ್ದೆ ಕೈಯಿಂದ ಮುಟ್ಟಿದರೆ ನೀರಿನ ಹನಿಯೂ ಬೆರಳಿನಂತೆಯೇ ತೋರಿ ಯಂತ್ರ ಗೊಂದಲಗೊಳ್ಳುತ್ತದೆ. ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸುತ್ತ ಓಡಿಬರುವ ತಾಯಂದಿರು ಇದನ್ನು ಗಮನಿಸಬೇಕು.

ಇನ್ನು ಮುಖ್ಯವಾದ ಮಾತು. ಬೆರಳು ಮುಟ್ಟಿ ಕೂಡಲೇ ಎದ್ದರೆ ಅದೊಂದು ಅರ್ಥ. ಸುಮಾರು ಅರ್ಧ ಸೆಕೆಂಡು ಅಲ್ಲಿಯೇ ನಿಂತರೆ ಅದು ಬೇರೆಯೇ ಅರ್ಥ. ಕೊಂಚ ಸರಿದರೆ ಮೂರನೆಯ ಅರ್ಥ. ಎಪ್ಪತ್ತರ ಹರೆಯದವರ ಬೆರಳು ನಿಧಾನವಾಗಿ ಇಳಿಯುತ್ತದೆ, ನಿಧಾನವಾಗಿ ಏಳುತ್ತದೆ, ನಡುವೆ ಸಣ್ಣಗೆ ಕಂಪಿಸುತ್ತದೆ. ಅವರು ಮುಟ್ಟಿದೆನೆಂದುಕೊಳ್ಳುತ್ತಾರೆ, ಯಂತ್ರ ಒತ್ತಿಹಿಡಿದರೆಂದುಕೊಳ್ಳುತ್ತದೆ. ಅವರು ಒತ್ತಿಹಿಡಿದೆನೆಂದುಕೊಂಡಾಗ ಅದು ಎಳೆದರೆಂದುಕೊಳ್ಳುತ್ತದೆ. ಇಪ್ಪತ್ತರ ಯುವಕನ ಬೆರಳನ್ನು ಅಳತೆಗೋಲಾಗಿಟ್ಟುಕೊಂಡು ಮುದಿಬೆರಳನ್ನು ತಪ್ಪಿತಸ್ಥನೆಂದರೆ ಯಾವ ನ್ಯಾಯ?

ಈ ವಿದ್ಯೆ ಬೆಳೆದು ಬಂದ ಬಗೆಯನ್ನು ನೋಡಿದರೆ ಸ್ವಾರಸ್ಯವಾದ ಸಂಗತಿಯೊಂದು ಕಾಣುತ್ತದೆ. 1965ರಲ್ಲಿ ಇಂಗ್ಲೆಂಡಿನ ಮಾಲ್ವರ್ನ್‌ನ ರೇಡಾರ್ ಸಂಶೋಧನಾಲಯದಲ್ಲಿ ಇ. ಎ. ಜಾನ್ಸನ್ ಎಂಬವರು ವಿಮಾನ ಸಂಚಾರ ನಿಯಂತ್ರಣಕ್ಕಾಗಿ ಸ್ಪರ್ಶಪರದೆಯ ವಿಚಾರವನ್ನು ಪ್ರಕಟಿಸಿದರು. ಎಪ್ಪತ್ತರ ದಶಕದ ಆದಿಯಲ್ಲಿ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಬೆಂಟ್ ಸ್ಟಂಪೆ ಎಂಬ ಡೆನ್ಮಾರ್ಕಿನ ಎಂಜಿನಿಯರು ಕಣವೇಗವರ್ಧಕದ ನಿಯಂತ್ರಣ ಕೊಠಡಿಗೆ ಹದಿನಾರು ಗುಂಡಿಗಳ ಪಾರದರ್ಶಕ ಪರದೆಯೊಂದನ್ನು ರೂಪಿಸಿದರು.  ಏಕಕಾಲಕ್ಕೆ ಹಲವು ಬೆರಳುಗಳನ್ನು ಗುರುತಿಸುವ ಯಂತ್ರವನ್ನು 1982ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ನಿಮಿಷ್ ಮೆಹ್ತಾ ತಮ್ಮ ಪ್ರಬಂಧಕ್ಕಾಗಿ ನಿರ್ಮಿಸಿದರು. ಮಸುಕು ಗಾಜಿನ ಹಿಂದೆ ಕ್ಯಾಮೆರಾ ಇರಿಸಿ ಬೆರಳುಗಳ ನೆರಳನ್ನು ಓದುವ ಉಪಾಯವದು.

ನಮ್ಮ ಮನಸ್ಸನ್ನು ಹೆಚ್ಚು ತಟ್ಟಿದುದು ವೇಯ್ನ್ ವೆಸ್ಟರ್‌ಮನ್ ಅವರ ಕಥೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಅವರಿಗೆ ಕೈಗಳ ನೋವು ಕಾಡುತ್ತಿತ್ತು. ಟೈಪು ಮಾಡುವುದೇ ಯಾತನೆಯಾಗಿತ್ತು. ಕೀಲಿಗಳನ್ನು ಕುಟ್ಟದೆ, ಮೇಲ್ಮೈಯನ್ನು ಹಗುರವಾಗಿ ಸವರಿಯೇ ಕೆಲಸ ಮಾಡುವ ಸಾಧನವನ್ನು ಅವರು ಪ್ರಾಧ್ಯಾಪಕ ಜಾನ್ ಎಲಿಯಾಸ್ ಅವರೊಡನೆ ರೂಪಿಸಿದರು. ಬೆರಳುಗಳನ್ನು ಕೂಡಿಸಿದರೆ ಒಂದು ಆಜ್ಞೆ, ಅಗಲಿಸಿದರೆ ಇನ್ನೊಂದು. 1999ರಲ್ಲಿ ಅವರ ಡಾಕ್ಟರೇಟ್ ಪ್ರಬಂಧ ಸಿದ್ಧವಾಯಿತು. ಇವರಿಬ್ಬರ ಫಿಂಗರ್‌ವರ್ಕ್ಸ್ ಎಂಬ ಸಂಸ್ಥೆಯನ್ನು 2005ರಲ್ಲಿ ಆ್ಯಪಲ್ ಕಂಪನಿ ಕೊಂಡಿತು; 2007ರಲ್ಲಿ ಐಫೋನು ಹೊರಬಂದಿತು. ನೋಯುವ ಕೈಗಳಿಗೆ ಆಸರೆಯಾಗಲೆಂದು ಹುಟ್ಟಿದ ಬೆರಳಸನ್ನೆಯೇ ಇಂದು ನೋಯುವ ಕೈಗಳಿಗೆ ಪರೀಕ್ಷೆಯಾಗಿ ನಿಂತಿದೆಯೆಂಬುದನ್ನು ಎಣಿಸಿದಾಗ ನಮಗೆ ವಿಷಾದವಾಗುತ್ತದೆ.

ಮೊದಲ ಐಫೋನಿನಲ್ಲಿ ಒಂದು ಆ್ಯಪ್‌ನಿಂದ ಹೊರಬರಲು ಕೆಳಗೆ ದುಂಡನೆಯ ಗುಂಡಿಯೊಂದಿತ್ತು. ಎಲ್ಲಿ ದಾರಿ ತಪ್ಪಿದರೂ ಅದನ್ನು ಒತ್ತಿದರೆ ಮನೆ ಸೇರಬಹುದಾಗಿತ್ತು. ಹಲವು ಆ್ಯಪ್‌ಗಳ ನಡುವೆ ಓಡಾಡುವ ಸುಂದರವಾದ ಕ್ರಮವನ್ನು 2009ರಲ್ಲಿ ಪಾಮ್ ಪ್ರೀ ಎಂಬ ಫೋನು ತೋರಿಸಿಕೊಟ್ಟಿತು. ತೆರೆದ ಪ್ರತಿಯೊಂದು ಕೆಲಸವೂ ಇಸ್ಪೀಟು ಎಲೆಯಂತೆ ಸಾಲಾಗಿ ನಿಲ್ಲುತ್ತಿತ್ತು. ಪಕ್ಕಕ್ಕೆ ಸರಿಸಿದರೆ ಮುಂದಿನ ಎಲೆ, ಮೇಲಕ್ಕೆ ಚಿಮ್ಮಿದರೆ ಆ ಕೆಲಸ ಮುಕ್ತಾಯ. ಆ ಫೋನು ಬಹುಕಾಲ ಬಾಳಲಿಲ್ಲ. ಆದರೆ ಇಂದು ನಮ್ಮ ನಿಮ್ಮ ಕೈಯಲ್ಲಿರುವ ಫೋನುಗಳಲ್ಲೆಲ್ಲ ಆ ಎಲೆಗಳ ಸಾಲೇ ಇದೆ. 2011ರಲ್ಲಿ ಐಪ್ಯಾಡಿಗೆ ನಾಲ್ಕೈದು ಬೆರಳುಗಳ ಸನ್ನೆಗಳು ಬಂದವು. 2015ರಲ್ಲಿ ಅದರ ಪರದೆಯನ್ನು ಇಬ್ಭಾಗಿಸಿ ಎರಡು ಆ್ಯಪ್‌ಗಳನ್ನು ಅಕ್ಕಪಕ್ಕ ಇರಿಸುವ ಅನುಕೂಲವೂ, ಚಲಿಸುವ ಚಿತ್ರವನ್ನು ಚಿಕ್ಕ ಚೌಕವಾಗಿ ತೇಲಿಸುವ ಕ್ರಮವೂ ಬಂದವು. ಆಂಡ್ರಾಯ್ಡ್‌ನಲ್ಲಿ ಪರದೆ ಇಬ್ಭಾಗಿಸುವ ಸೌಲಭ್ಯ 2016ರ ಏಳನೆಯ ಆವೃತ್ತಿಯಿಂದ ಎಲ್ಲರಿಗೂ ದೊರೆಯಿತು. ಸ್ಯಾಮ್ಸಂಗ್‌ನವರು 2012ರಲ್ಲಿಯೇ ತಮ್ಮ ಕೆಲವು ಸಾಧನಗಳಲ್ಲಿ ಇದನ್ನು ಕೊಟ್ಟಿದ್ದರು.

2017ರ ಐಫೋನ್ ಟೆನ್‌ನಲ್ಲಿ ಆ ದುಂಡು ಗುಂಡಿ ಮಾಯವಾಯಿತು. ಬುಡದಿಂದ ಮೇಲಕ್ಕೆ ಸರಿಸಿ ಬಿಟ್ಟರೆ ಮನೆ, ಸರಿಸಿ ಅರೆಕ್ಷಣ ತಡೆದರೆ ಎಲೆಗಳ ಸಾಲು. ಎರಡಕ್ಕೂ ನಡುವಿನ ಅಂತರ ಬೆರಳು ನಿಂತ ಆ ಅರೆಕ್ಷಣ ಮಾತ್ರ! 2019ರ ಆಂಡ್ರಾಯ್ಡ್ ಹತ್ತನೆಯ ಆವೃತ್ತಿಯೂ ಇದೇ ಹಾದಿ ಹಿಡಿದು, ಹಿಂದಕ್ಕೆ ಹೋಗಲು ಎಡ ಅಥವಾ ಬಲ ಅಂಚಿನಿಂದ ಒಳಕ್ಕೆ ಸರಿಸುವ ಸನ್ನೆಯನ್ನು ಸೇರಿಸಿತು. ಅದುವರೆಗೆ ಹಲವು ಆ್ಯಪ್‌ಗಳಲ್ಲಿ ಎಡ ಅಂಚಿನಿಂದ ಸರಿಸಿದರೆ ಪಟ್ಟಿಯೊಂದು ತೆರೆಯುತ್ತಿತ್ತು. ಈಗ ಅದೇ ಸನ್ನೆಗೆ ಎರಡು ಅರ್ಥಗಳಾಗಿ ತಿಕ್ಕಾಟ ಹುಟ್ಟಿತು. ಗಾಜಿನ ವಿಸ್ತಾರ ಹೆಚ್ಚಿಸಲೆಂದು ಗುಂಡಿಯನ್ನು ತೆಗೆದರು. ಸಿನಿಮಾ ನೋಡುವವರಿಗೆ ಅದು ಲಾಭವೇ ಇರಬಹುದು. ವರದಿ ಓದಬೇಕಾದ ಅಜ್ಜಿಗೆ ಅದರಿಂದ ಲಾಭವಾಯಿತೆಂದು ನಾವು ಒಪ್ಪಲಾರೆವು.

ಈ ಆಕ್ಷೇಪ ನಮ್ಮಂಥ ಹಳೆಯ ತಲೆಗಳದು ಮಾತ್ರವಲ್ಲ. ವಸ್ತುಗಳ ವಿನ್ಯಾಸವನ್ನು ಕುರಿತು ಬಹುಕಾಲ ಚಿಂತಿಸಿದ ಡೊನಾಲ್ಡ್ ನಾರ್ಮನ್ ಮತ್ತು ಜೇಕಬ್ ನೀಲ್ಸನ್ 2010ರಲ್ಲಿಯೇ ಲೇಖನವೊಂದನ್ನು ಬರೆದು, ಸನ್ನೆಗಳ ಪದ್ಧತಿಯು ಹಿಂದಿನವರು ಶ್ರಮದಿಂದ ಕಂಡುಕೊಂಡ ನಿಯಮಗಳನ್ನು ಗಾಳಿಗೆ ತೂರಿದೆಯೆಂದು ಎಚ್ಚರಿಸಿದ್ದರು. ಏನೇನು ಮಾಡಬಹುದೆಂಬುದು ಕಣ್ಣಿಗೆ ಕಾಣಬೇಕು, ಮಾಡಿದ್ದನ್ನು ಹಿಂತೆಗೆಯುವಂತಿರಬೇಕು, ಒಂದು ಸನ್ನೆಗೆ ಎಲ್ಲೆಡೆಯೂ ಒಂದೇ ಅರ್ಥವಿರಬೇಕು ಎಂಬುದು ಅವರ ವಾದದ ತಿರುಳು.

ನಾವೂ ಈ ಯಂತ್ರದ ಋಣದಲ್ಲಿರುವವರೇ ಎಂಬುದನ್ನು ಮರೆಮಾಚಲಾರೆವು. ಮಠದಲ್ಲಿ ಓದುತ್ತಿದ್ದ ಕಾಲದಲ್ಲಿ ಎರಡು ಪ್ರತಿಗಳ ಪಾಠಾಂತರ ನೋಡಬೇಕಾದರೆ ಎರಡು ವ್ಯಾಸಪೀಠಗಳನ್ನು ಎದುರಿಗಿಟ್ಟು, ತೊಡೆಯ ಮೇಲೊಂದು ಹಲಗೆಯಿಟ್ಟು ಬರೆದುಕೊಳ್ಳುತ್ತಿದ್ದೆವು. ಕತ್ತು ತಿರುಗಿಸಿ ತಿರುಗಿಸಿ ಸಾಲು ತಪ್ಪುತ್ತಿತ್ತು. ಈಗ ಟ್ಯಾಬ್ಲೆಟ್ಟಿನ ಒಂದು ಬದಿಗೆ ಓಲೆಗರಿಯ ಛಾಯಾಚಿತ್ರ, ಇನ್ನೊಂದು ಬದಿಗೆ ಮುದ್ರಿತ ಪುಸ್ತಕದ ಪುಟ. ಎರಡು ಬೆರಳುಗಳನ್ನು ಅಗಲಿಸಿದರೆ ಸವೆದ ಅಕ್ಷರವೂ ದೊಡ್ಡದಾಗಿ ಕಾಣುತ್ತದೆ. ಇದಕ್ಕಿಂತ ಉಪಕಾರ ಬೇಕೆ? ಆದರೆ ಟಿಪ್ಪಣಿ ಬರೆಯಲು ಹೊರಟರೆ ತೊಡಕು. ಕನ್ನಡದ ಕೀಲಿಮಣೆ ಮೇಲೆದ್ದು ಕೆಳಗಿನ ಭಾಗವನ್ನೆಲ್ಲ ನುಂಗುತ್ತದೆ. ಒತ್ತಕ್ಷರ ಸರಿಯಾಗಿ ಬಿದ್ದಿತೇ ಎಂದು ನೋಡಲೂ ಜಾಗ ಸಾಲದು. ಚಿಕ್ಕ ಫೋನಿನಲ್ಲಂತೂ ಪರದೆ ಇಬ್ಭಾಗವಾದ ಮೇಲೆ ಕೀಲಿಮಣೆ ಎದ್ದರೆ ಉಳಿಯುವುದು ಎರಡು ಬೆರಳಗಲ ಮಾತ್ರ. ಅಂಥಲ್ಲಿ ಕೀಲಿಮಣೆಯ ಮೈಕಿನ ಚಿತ್ರವನ್ನು ಮುಟ್ಟಿ ಬಾಯಿಯಿಂದಲೇ ಕನ್ನಡದಲ್ಲಿ ಹೇಳಿ ಬರೆಸುವುದು ಲೇಸು. ತಪ್ಪುಗಳನ್ನು ಆಮೇಲೆ ತಿದ್ದಿಕೊಂಡರಾಯಿತು. (ನಮ್ಮ ಉಚ್ಚಾರದ ಮಹಾಪ್ರಾಣಗಳನ್ನು ಅದು ಆಗಾಗ ಅಲ್ಪಪ್ರಾಣ ಮಾಡುವುದುಂಟು, ಮಠದ ಗುರುಗಳು ಕೇಳಿದ್ದರೆ ಬೆತ್ತ ಎತ್ತುತ್ತಿದ್ದರೇನೋ.)

ಇನ್ನು ಗೃಹಸ್ಥರಿಗೆ ಉಪಯುಕ್ತವಾಗುವ ಕೆಲವು ಮಾತುಗಳು. ಅಂದು ನಾವು ಆ ತಾಯಿಯವರ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿಸಿದುದೂ ಇಷ್ಟೇ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಶನ್ ಎಂಬ ಭಾಗವನ್ನು ಹುಡುಕಿದರೆ ಸನ್ನೆಗಳ ಬದಲಿಗೆ ಮೂರು ಗುಂಡಿಗಳನ್ನು ಆರಿಸಿಕೊಳ್ಳಬಹುದು. ಆಗ ಪರದೆಯ ಬುಡದಲ್ಲಿ ಮೂರು ಚಿಹ್ನೆಗಳು ಸದಾ ಕಾಣುತ್ತಿರುತ್ತವೆ: ಹಿಂದಕ್ಕೆ ಹೋಗಲು ಒಂದು, ಮನೆಗೆ ಒಂದು, ತೆರೆದ ಎಲೆಗಳ ಸಾಲಿಗೆ ಒಂದು. ಕೆಲವು ಕಂಪನಿಗಳವರು ಹಿಂದಕ್ಕೆ ಹೋಗುವ ಚಿಹ್ನೆಯನ್ನು ಎಡಕ್ಕೂ ಕೆಲವರು ಬಲಕ್ಕೂ ಇಡುತ್ತಾರೆ. ಹೊಸ ಫೋನು ಕೊಂಡಾಗ ಇದನ್ನು ನೋಡಿಕೊಳ್ಳಬೇಕು. ಆಂಡ್ರಾಯ್ಡಿನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಒತ್ತಿಹಿಡಿಯುವ ಅವಧಿಯನ್ನು ದೀರ್ಘಗೊಳಿಸುವ ಅವಕಾಶವಿದೆ. ನಿಧಾನವಾಗಿ ಏಳುವ ಬೆರಳಿಗೆ ಇದು ದೊಡ್ಡ ಉಪಕಾರ. ಐಫೋನಿನಲ್ಲಾದರೆ ಅದೇ ವಿಭಾಗದ ಅಸಿಸ್ಟಿವ್‌ಟಚ್ ಎಂಬುದನ್ನು ಚಾಲೂ ಮಾಡಿದರೆ ಪರದೆಯ ಮೇಲೆ ದುಂಡನೆಯ ಚುಕ್ಕೆಯೊಂದು ತೇಲುತ್ತದೆ. ಮುಟ್ಟಿದರೆ ಮನೆಗೆ ಹೋಗುವ ದಾರಿ ಅಕ್ಷರಗಳಲ್ಲಿಯೇ ಕಾಣುತ್ತದೆ. 2011ರಲ್ಲಿ ಕೈಬೆರಳು ಸ್ವಾಧೀನವಿಲ್ಲದವರಿಗಾಗಿ ತಂದ ಈ ಚುಕ್ಕೆಯನ್ನು, ಗುಂಡಿ ಸವೆಯಬಾರದೆಂದು ನಮ್ಮವರು ಎಷ್ಟೋ ಜನ ಬಳಸುತ್ತಿದ್ದರು. ಐಪ್ಯಾಡಿನಲ್ಲಿ ನಾಲ್ಕೈದು ಬೆರಳುಗಳ ಸನ್ನೆಗಳನ್ನು ಬೇಡವೆಂದರೆ ಆರಿಸಬಹುದು. ಮೊಮ್ಮಕ್ಕಳ ಜೊತೆ ಆಡುವಾಗ ಅಂಗೈ ತಗುಲಿ ಪುಟ ಮಾಯವಾಗುವ ಕಾಟ ಅಲ್ಲಿಗೆ ತಪ್ಪುತ್ತದೆ.

ಎಲೆಗಳ ಸಾಲನ್ನು ತೆರೆದು ಒಂದೊಂದನ್ನೇ ಮೇಲಕ್ಕೆ ಚಿಮ್ಮಿ "ಫೋನು ಸ್ವಚ್ಛ ಮಾಡುವ" ಅಭ್ಯಾಸ ಎಷ್ಟೋ ಮನೆಗಳಲ್ಲಿದೆ, ಕಸ ಗುಡಿಸಿದ ಹಾಗೆ. ಹಿಂದಕ್ಕೆ ಸರಿದ ಆ್ಯಪ್‌ಗಳು ಹೆಚ್ಚಿನವು ನಿಂತೇ ಇರುವುದರಿಂದ ಇದರಿಂದ ಬ್ಯಾಟರಿ ಉಳಿಯುವುದಿಲ್ಲ. ಮತ್ತೆ ಮೊದಲಿನಿಂದ ತೆರೆಯುವಾಗ ಹೆಚ್ಚೇ ಖರ್ಚಾಗಬಹುದು. ಆ್ಯಪ್ ಸ್ಪಂದಿಸದೆ ನಿಂತಾಗ ಮಾತ್ರ ಹಾಗೆ ಮುಚ್ಚಬೇಕೆಂದು ಆ್ಯಪಲ್ ಕಂಪನಿಯೇ ಹೇಳುತ್ತದೆ.

ಮನೆಯ ಕಿರಿಯರಿಗೊಂದು ಮಾತು. ಹಿರಿಯರು ಕೇಳಿದಾಗ ಫೋನನ್ನು ಅವರ ಕೈಯಿಂದ ಕಸಿದು, ನಾಲ್ಕು ಬಾರಿ ಬೆರಳಾಡಿಸಿ, "ಆತು, ತಗೋ" ಎಂದು ಹಿಂದಿರುಗಿಸುವುದು ಕಲಿಸುವುದಲ್ಲ. ಆ ಹುಡುಗನೂ ಅಂದು ಹಾಗೆಯೇ ಮಾಡಹೋದ. ನಾವು ತಡೆದು, ಫೋನು ಅಜ್ಜಿಯ ಕೈಯಲ್ಲಿಯೇ ಇರಲಿ, ನೀನು ಬಾಯಿಯಿಂದ ಮಾತ್ರ ಹೇಳು ಎಂದೆವು. ಅವನಿಗದು ಬಹಳ ಕಷ್ಟವಾಯಿತು! ತಾನು ನಿತ್ಯ ಮಾಡುವುದಕ್ಕೆ ಅವನಲ್ಲಿ ಹೆಸರುಗಳೇ ಇರಲಿಲ್ಲ. "ಹಿಂಗ್ ಮಾಡು ಆಯಿ… ಅಲ್ಲಲ್ಲ, ಹಿಂಗ್" ಎಂದು ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. ಕಡೆಗೆ ಆ ತಾಯಿಯೇ ಪಾಟಿಯೊಂದನ್ನು ತರಿಸಿ, ಮೂರು ಚಿಹ್ನೆಗಳನ್ನು ಬರೆದು, ಒಂದೊಂದರ ಮುಂದೆಯೂ ಅರ್ಥವನ್ನು ದುಂಡಾದ ಅಕ್ಷರಗಳಲ್ಲಿ ಬರೆದುಕೊಂಡರು. ತೇಲುವ ಚಿಕ್ಕ ಚೌಕಕ್ಕೆ ಅವರಿಟ್ಟ ಹೆಸರು "ಕಿಂಡಿ". ಕಿಂಡಿಯನ್ನು ಮುಟ್ಟಿದರೆ ದೊಡ್ಡದಾಗುತ್ತದೆ, ಎಳೆದರೆ ಸರಿಯುತ್ತದೆ, ಕಿಂಡಿಯಿರುವತನಕ ಕರೆಯೂ ಇರುತ್ತದೆ ಎಂದು ಪಾಟಿಯ ಮೇಲೆ ಬರೆದರು. ಅಂಚಿನೊಳಗೆ ಹುದುಗಿದ ಕಿಂಡಿಯನ್ನು ಹೊರಗೆಳೆಯುವುದನ್ನು ಮೊಮ್ಮಗನಿಗೆ ಕರೆ ಮಾಡಿ ಹತ್ತಾರು ಬಾರಿ ಅಭ್ಯಾಸ ಮಾಡಿದರು. ಅವನು ಪಕ್ಕದ ಕೋಣೆಯಲ್ಲಿ ಕುಳಿತು ಬೇಸರದಿಂದ ಆಕಳಿಸುತ್ತಿದ್ದುದೂ ಕಿಂಡಿಯಲ್ಲಿ ಕಾಣುತ್ತಿತ್ತು.

ಈ ಮಾಸದ ರಕ್ತಪರೀಕ್ಷೆಯ ದಿನ ನಾವು ಬೇಕೆಂದೇ ಅವರ ಮನೆಗೆ ಹೋಗಿದ್ದೆವು. ವೈದ್ಯರ ಕರೆ ಬಂದಿತು. ಹಿಂದಿನ ಬಾರಿಯ ಪ್ರಮಾದಕ್ಕೆ ತಾಯಿ ಕ್ಷಮೆ ಕೇಳಿದಾಗ ವೈದ್ಯರು ನಕ್ಕು, "ನನಗೂ ಹಂಗ ಆಗ್ತದ ಬಿಡ್ರಿ, ಅದರಾಗೇನದ" ಎಂದರು. ಅಂಕಿ ಕೇಳಿದಾಗ ತಾಯಿ ನಡುವಿನ ಗುಂಡಿಯನ್ನು ಮುಟ್ಟಿದರು, ವೈದ್ಯರು ಕಿಂಡಿಯಾದರು. ವರದಿ ತೆರೆಯಿತು. ಕಿಂಡಿ ಸರಿಯಾಗಿ ಅಂಕಿಯ ಮೇಲೆಯೇ ಕುಳಿತಿತ್ತು! ಒಂದು ಕ್ಷಣ ಅವರ ಬೆರಳು ನಿಂತಿತು. ಪಾಟಿಯತ್ತ ನೋಡಿ, ಕಿಂಡಿಯನ್ನು ಕೆಳಗಿನ ಮೂಲೆಗೆ ಎಳೆದು, ಕನ್ನಡಕ ಸರಿಪಡಿಸಿಕೊಂಡು, "ಮೂರು ಪಾಯಿಂಟ್ ಎಂಟು ಬಂದದ್ರಿ" ಎಂದು ಓದಿದರು. ಸ್ವಲ್ಪ ಹೆಚ್ಚಾಗಿದೆಯೆಂದು ವೈದ್ಯರು ವಾರದಲ್ಲಿ ಎರಡು ದಿನ ಅರ್ಧ ಮಾತ್ರೆ ಕಡಿಮೆ ಮಾಡಲು ತಿಳಿಸಿದರು. ಯಾವ ಎರಡು ದಿನವೆಂದು ತಾಯಿ ಎರಡು ಸಲ ಕೇಳಿ, ಪಾಟಿಯ ಹಿಂಬದಿಯಲ್ಲಿ ಬರೆದುಕೊಂಡರು: ಸೋಮವಾರ, ಗುರುವಾರ.